ಕೆಂಚನನ್ನು ನಂಬಿಸಿದ ಟೀಚರ್

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡ ಎಂದು ಅವರೇ ಹೇಳಿದ್ದರು. ಆರು ವರ್ಷದ ಹಿಂದೆ ಅವರು ಹಾಗೆ ಹೇಳಿದಾಗ ನಾನು ಅದನ್ನು ವಿನಯ ಎಂದು ತಿಳಿದೆ. ತಿಳಿದು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಕನಿಷ್ಠ ನಾಲ್ಕು ಸಭೆಗಳಲ್ಲಿ ಆ ವಿನಯವನ್ನು ಕೊಂಡಾಡಿದೆ. "ಇಂಥವರು ಈಗ ಎಲ್ಲಿದ್ದಾರೆ?" ಎಂದು ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡೆ ಕೂಡ. ಅದು ವಿನಯವಲ್ಲ, ಮುಂಜಾಗ್ರತೆ ಎನ್ನುವುದು ಈಗ ಗೊತ್ತಾಗಿದೆ. ಮುಂಜಾಗ್ರತೆಯಲ್ಲಿ ನಮ್ಮ ತಾಲ್ಲೂಕಿಗೆ ನಾನೇ ಮೊದಲಿಗ ಎಂದುಕೊಂಡಿದ್ದವನು ನಾನು. ಗೋಣಿಬೀಡಿನ ಮನೆಯಿಂದ ಹೊರಟು ಬಸ್ ಸ್ಟಾಪ್ ಮುಟ್ಟುವುದರೊಳಗೆ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಎರಡು ಸಲ ವಾಪಸು ಹೋಗಿ ನೋಡುವವನು. ಟೀಚರ್ ನನ್ನನ್ನೂ ಮೀರಿಸಿದ್ದರು.

ಬಾಳೂರಿನ ಹತ್ತಿರದ ನಮ್ಮ ಪ್ರಾಥಮಿಕ ಶಾಲೆಗೆ ಅವರು ವರ್ಗವಾಗಿ ಬಂದಾಗ ನಾನು ಮೂರನೇ ಕ್ಲಾಸಿನಲ್ಲಿದ್ದೆ. ಎರಡು ಕೋಣೆ, ಒಂದು ಜಗಲಿ, ಒಬ್ಬರು ಮೇಷ್ಟ್ರು, ಇವರೊಬ್ಬರು ಟೀಚರ್. ವರ್ಷವಿಡೀ ಸೀರೆಯ ಮೇಲೆ ಒಂದೇ ಊದಾ ಸ್ವೆಟರು. ಅದರ ಎಡ ಜೇಬಿನಲ್ಲಿ ಸೀಮೆಸುಣ್ಣ, ಬಲ ಜೇಬಿನಲ್ಲಿ ಸುಣ್ಣದ ಡಬ್ಬಿ. ಎಲೆ ಅಡಿಕೆ ಹಾಕುವವರಲ್ಲ. ಆ ಸುಣ್ಣ ನಮ್ಮ ಕಾಲಿಗೆ. ತೋಟದೊಳಗಿನಿಂದ ನಡೆದು ಬರುತ್ತಿದ್ದ ನಮ್ಮ ಕಾಲುಗಳಲ್ಲಿ ರಕ್ತ ಹೀರುವ ಇಂಬಳ ಕಚ್ಚಿಕೊಂಡಿರುತ್ತಿತ್ತು. ಬಾಗಿಲಲ್ಲೇ ಸಾಲಾಗಿ ನಿಲ್ಲಿಸಿ, ಬಗ್ಗಿ, ಒಂದೊಂದಕ್ಕೂ ಸುಣ್ಣ ಮುಟ್ಟಿಸಿ ಉದುರಿಸುತ್ತಿದ್ದರು. "ಮೊದ್ಲು ಇಂಬಳ, ಆಮೇಲೆ ಮಗ್ಗಿ" ಅನ್ನುತ್ತಿದ್ದರು. ನಮ್ಮಂಥ ನಾಲ್ಕೆಕರೆ ತೋಟದವರ ಮಕ್ಕಳ ಕಾಲು, ಎಸ್ಟೇಟಿನ ಕೂಲಿಮನೆಗಳ ಸಾಲಿನ, ಅಂದರೆ ಲೈನಿನ, ಮಕ್ಕಳ ಕಾಲು, ಎರಡನ್ನೂ ಒಂದೇ ರೀತಿ ಹಿಡಿಯುತ್ತಿದ್ದರು. ಇದನ್ನು ಇಲ್ಲಿ ಹೇಳಲೇಬೇಕು. ಮುಂದೆ ಅವರ ಮೇಲೆ ಹರಿಹಾಯುವವನಿದ್ದೇನೆ. ಆಗ ಇದು ಮರೆತುಹೋದೀತು.

ಶನಿವಾರದ ಕೊನೆಯ ಪೀರಿಯಡ್ಡು ಕತೆ. ಎರಡು ಕೋಣೆಗಳ ನಡುವಿನ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಆ ಕಡೆಯವರಿಗೂ ಈ ಕಡೆಯವರಿಗೂ ಕೇಳಲಿ ಎಂದು. ಅಪಾಯದ ಜಾಗ ಬಂದಾಗ ಕಣ್ಣು ಮುಚ್ಚಿಕೊಂಡು ದನಿ ಇಳಿಸುತ್ತಿದ್ದರು. ನಾವೂ ಕಣ್ಣು ಮುಚ್ಚಿಕೊಳ್ಳುತ್ತಿದ್ದೆವು. ಗಂಟೆ ಹೊಡೆಯಿತೋ, ವಾಕ್ಯ ಅರ್ಧಕ್ಕೇ ನಿಂತಿತು. "ಕೆಂಚ ಲಗಾಮು ಕೈ ಬಿಟ್ಟ, ಅಷ್ಟೊತ್ತಿಗೆ..." ಅಂದವರು ಛತ್ರಿ ತೆಗೆದುಕೊಂಡು ಹೊರಟೇಬಿಟ್ಟರು. ಒಂದು ವಾರ ಕೆಂಚ ಹಾಗೇ ಗಾಳಿಯಲ್ಲಿ. ನಾನು ಆಗಲೇ ಆತಂಕದ ಪ್ರಾಣಿ, ಊಟ ಸೇರುತ್ತಿರಲಿಲ್ಲ. ಬುಧವಾರದ ಹೊತ್ತಿಗೆ ನನ್ನ ಅಮ್ಮ ಶಾಲೆಗೇ ಬಂದಳು.

"ಟೀಚರೇ, ಆ ಕೆಂಚನ್ನ ಒಂದ್ಸಲ ದಡ ಮುಟ್ಟಿಸಿಬಿಡಿ. ನಮ್ಮ ಹುಡುಗ ಉಣ್ತಾ ಇಲ್ಲ."

"ಶನಿವಾರ ಮುಟ್ಟಿಸ್ತೀನಿ ಅಮ್ಮಾ. ಅಲ್ಲೀತಂಕ ಗಂಜಿ ಕೊಡಿ" ಅಂದರು ಟೀಚರ್, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ಕೆಂಚ ಯಾರು ಎಂದು ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಬಿಳಿಯರು ನಮ್ಮ ಗುಡ್ಡಗಳಲ್ಲಿ ಕಾಫಿ ತೋಟ ಮಾಡಿಕೊಂಡು ದೊರೆಗಳೆನಿಸಿಕೊಂಡಿದ್ದ ಕಾಲದ ಹುಡುಗ ಅವನು. ವಯಸ್ಸು ಹನ್ನೆರಡು. ಅಪ್ಪನಿಗೊಂದು ಸಣ್ಣ ತೋಟ, ಕೆಂಚನಿಗೊಂದು ಕಂದು ಕುದುರೆ. ಹಣೆಯ ಮೇಲೆ ಗಾಯದ ಗುರುತಿದ್ದ ದುಷ್ಟ ದೊರೆಯೊಬ್ಬ ಇವರ ಕಾಫಿ ಗೋಡೌನಿಗೆ ಬೆಂಕಿ ಇಡಿಸಲು ಹೊಂಚುತ್ತಾನೆ. ಅಪ್ಪ ಊರಲ್ಲಿಲ್ಲ. ಕೆಂಚ ಒಬ್ಬನೇ ಕುದುರೆ ಏರಿ, ಕಾಡು ಹಾದು, ಜನ ಕೂಡಿಸಲು ಓಡುತ್ತಾನೆ. ಭದ್ರಾ ಹೊಳೆ ದಾಟುವ ಜಾಗದಲ್ಲಿ ಗಾಯದ ದೊರೆ ಅಡ್ಡಗಟ್ಟುತ್ತಾನೆ. ಕುದುರೆ ಬಂಡೆಯಿಂದ ಬಂಡೆಗೆ ಹಾರುತ್ತದೆ. ದೊರೆ ಹೊಳೆಗೆ ಬೀಳುತ್ತಾನೆ. ಇಷ್ಟನ್ನು ಟೀಚರ್ ಎರಡು ವರ್ಷ ಹೇಳಿದರು.

ಎಲ್ಲವೂ ನಮ್ಮ ಸುತ್ತಲೇ ನಡೆದದ್ದು. ಕೆಂಚ ಇಳಿದ ಇಳಿಜಾರು ನಮ್ಮ ಶಾಲೆಯ ಹಿಂದಿನದು. ಅವನ ಕುದುರೆ ಕಾಲೂರಿದ ಗುರುತು ಲೈನಿನ ಆಚೆಯ ಬಂಡೆಯ ಮೇಲಿದೆ, ಬೇಕಾದರೆ ಹೋಗಿ ನೋಡಿ ಅಂದರು. ಹೋಗಿ ನೋಡಿದೆವು. ಬೋಗುಣಿಯಷ್ಟು ಗುಂಡನೆಯ ಗುಳಿ! ನಾನು ಅದಕ್ಕೆ ನಮಸ್ಕಾರ ಮಾಡಿ ಬಂದೆ. "ನಿಜವಾ ಟೀಚರ್?" ಎಂದು ಯಾರಾದರೂ ಕೇಳಿದರೆ, "ನಮ್ಮಜ್ಜಿ ಹೇಳಿದ್ದು. ನಮ್ಮಜ್ಜಿ ಸುಳ್ಳು ಹೇಳ್ತಾರಾ?" ಅನ್ನುತ್ತಿದ್ದರು. ನೋಡದ ಅಜ್ಜಿಯನ್ನು ಸುಳ್ಳಿ ಅನ್ನಲು ಯಾವ ಮಗುವಿಗೆ ಧೈರ್ಯ?

ಒಂದು ಆಗಸ್ಟ್ ಹದಿನೈದಕ್ಕೆ ಶಾಲಾ ಇನ್ಸ್‌ಪೆಕ್ಟರು ಬಂದಿದ್ದರು. ಸ್ವಾತಂತ್ರ್ಯಕ್ಕೆ ಹೋರಾಡಿದ ಒಬ್ಬರ ಹೆಸರು ಹೇಳು ಎಂದು ನನ್ನನ್ನು ಎಬ್ಬಿಸಿದರು. ನಾನು ಎದೆಯುಬ್ಬಿಸಿ "ಕೆಂಚ" ಅಂದೆ. ಇನ್ಸ್‌ಪೆಕ್ಟರು ಮೇಷ್ಟ್ರ ಮುಖ ನೋಡಿದರು, ಮೇಷ್ಟ್ರು ನೆಲ ನೋಡಿದರು. ಟೀಚರ್ ಒಂದು ಹೆಜ್ಜೆ ಮುಂದೆ ಬಂದು, "ನಮ್ಮ ಕಡೆಯವನು ಸಾರ್. ಪುಸ್ತಕದಲ್ಲಿ ಬಂದಿಲ್ಲ" ಅಂದರು.

ಪುಸ್ತಕದಲ್ಲಿ ಬಂದಿಲ್ಲ! ಈಗಲೂ ಸ್ನಾನ ಮಾಡುವಾಗ ಈ ಮಾತು ನೆನಪಾದರೆ ಚೊಂಬು ಕೈಯಲ್ಲೇ ನಿಲ್ಲುತ್ತದೆ.

ನಮ್ಮ ಕ್ಲಾಸಿನಲ್ಲಿ ಜಲಜ ಎಂಬುವಳಿದ್ದಳು. ಅವಳ ಅಪ್ಪ ಅಮ್ಮ ಇಬ್ಬರೂ ಪಕ್ಕದ ಎಸ್ಟೇಟಿನ ಲೈನಿನಲ್ಲಿದ್ದವರು. ಕಾಫಿ ಕುಯ್ಲು ಶುರುವಾದರೆ ಲೈನಿನ ಮಕ್ಕಳೆಲ್ಲ ಅಮ್ಮಂದಿರ ಜೊತೆ ತೋಟಕ್ಕೆ ಹೋಗುತ್ತಿದ್ದರು, ಶಾಲೆ ಅರ್ಧ ಖಾಲಿ. ಒಂದು ವರ್ಷ ಜಲಜ ಕುಯ್ಲು ಮುಗಿಸಿಕೊಂಡು, ಬೆರಳುಗಳಲ್ಲಿ ಇನ್ನೂ ಹೋಗದ ಕಪ್ಪು ಕಲೆ ಹೊತ್ತು ಬಂದಳು. ಆ ಶನಿವಾರ ಕತೆಯ ನಡುವೆ ಎದ್ದು ನಿಂತಳು.

"ಟೀಚರ್, ಕೆಂಚ ಕುದುರೆ ಮೇಲಿರ್ತಾನೆ. ಅವನ ಅಪ್ಪ ಊರಲ್ಲಿಲ್ಲ. ಅವನ ಅಮ್ಮ ಕಿಟಕಿ ಹತ್ರ ನಿಂತಿರ್ತಾಳೆ. ಹಂಗಾರೆ ಅವರ ತೋಟದಲ್ಲಿ ಹಣ್ಣು ಕುಯ್ಯೋರ್ಯಾರು?"

ಟೀಚರ್ ಎಂಥ ಪ್ರಶ್ನೆಗೂ ಉತ್ತರ ಕೊಡುತ್ತಿದ್ದವರು. ಕುದುರೆಗೆ ಏನು ತಿನ್ನಿಸುತ್ತಿದ್ದರು ಎಂದರೆ ಹುರುಳಿ ಅನ್ನುತ್ತಿದ್ದರು. ಕೆಂಚ ಯಾವ ಕ್ಲಾಸು ಎಂದರೆ ಐದು ಅನ್ನುತ್ತಿದ್ದರು. ಇದಕ್ಕೆ ಮಾತ್ರ ಸೀಮೆಸುಣ್ಣ ತೆಗೆದು ಜೇಬಿಗೆ ಹಾಕಿಕೊಂಡರು. ಆಮೇಲೆ, "ಕೂತ್ಕೋ. ಶಾಲೆ ಬಿಟ್ಟಮೇಲೆ ನನ್ನ ಹತ್ರ ಬಾ" ಅಂದರು. ಕತೆಗೆ ಅಡ್ಡ ಬಂದದ್ದಕ್ಕೆ ಜಲಜನಿಗೆ ಶಿಕ್ಷೆಯಾಗುತ್ತದೆ ಎಂದು ನನಗೆ ಬಹಳ ಸಂತೋಷವಾಯಿತು. ಆಮೇಲೆ ಅವಳು ಕೆಂಚನ ವಿಷಯದಲ್ಲಿ ಒಂದೂ ಪ್ರಶ್ನೆ ಕೇಳಲಿಲ್ಲ. ಒಳ್ಳೆಯ ಶಿಕ್ಷೆಯೇ ಆಗಿರಬೇಕು ಎಂದುಕೊಂಡೆ. ನಲವತ್ತು ಚಿಲ್ಲರೆ ವರ್ಷ ಹಾಗೇ ಅಂದುಕೊಂಡಿದ್ದೆ.

ನಾನು ಕನ್ನಡ ಎಂ.ಎ. ಮಾಡಿ ಮೂಡಿಗೆರೆಯಲ್ಲಿ ಉಪನ್ಯಾಸಕನಾದೆ. ಎಲ್ಲರಿಗೂ ಒಂದೊಂದು ವಿಷಯ ಬೇಕಲ್ಲ, ನನಗೆ ಕೆಂಚ ಇದ್ದ. ಬಿಳಿಯರ ಆಳ್ವಿಕೆಯಲ್ಲಿ ಮಕ್ಕಳ ಕತೆಗಳು ದೇಶ ಎನ್ನುವ ಭಾವನೆಯನ್ನು ಹೇಗೆ ಕಟ್ಟಿದವು ಎನ್ನುವುದರ ಮೇಲೆ ಒಂದು ಉಪನ್ಯಾಸ ಸಿದ್ಧಪಡಿಸಿದೆ. ಅದರಲ್ಲಿ ಒಂದು ವಾಕ್ಯವಿತ್ತು: "ಇಂಗ್ಲಿಷರು ತಮ್ಮ ಮಕ್ಕಳಿಗೆ ಆಳುವುದನ್ನು ಕಲಿಸುವ ಕತೆ ಬರೆದರು, ನಮ್ಮ ಅಜ್ಜಿಯರು ನಮ್ಮ ಮಕ್ಕಳಿಗೆ ಎದುರು ನಿಲ್ಲುವುದನ್ನು ಕಲಿಸುವ ಕತೆ ಹೇಳಿದರು." ಈ ವಾಕ್ಯ ಆದಮೇಲೆ ನಾನು ನೀರು ಕುಡಿಯುತ್ತಿದ್ದೆ, ಚಪ್ಪಾಳೆಗೆ ಜಾಗ ಬೇಕಲ್ಲ. ಮೂಡಿಗೆರೆ, ಚಿಕ್ಕಮಗಳೂರು, ಶಿವಮೊಗ್ಗ, ಎಲ್ಲ ಕಡೆ ನೀರು ಕುಡಿದೆ. ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಆ ಬಂಡೆಯ ಗುಳಿಯನ್ನೂ ತೋರಿಸಿದೆ. ಬಾಳೂರಿನ ಭಾಷಣಕ್ಕೆ ಜಲಜನೂ ಬಂದಿದ್ದಳು. ಈಗ ಅವಳು ಅದೇ ಎಸ್ಟೇಟಿನಲ್ಲಿ ಆಳುಗಳ ಮೇಸ್ತ್ರಿ, ಶಾಲೆಯ ಸಮಿತಿಗೆ ಅಧ್ಯಕ್ಷೆ. ಮುಂದಿನ ಸಾಲಿನಲ್ಲೇ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದಳು.

ಆರು ವರ್ಷದ ಹಿಂದೆ ಕೆಂಚನ ಕತೆಗಳನ್ನು ಪುಸ್ತಕ ಮಾಡುವ ಮನಸ್ಸಾಯಿತು. ಟೀಚರ್ ನಿವೃತ್ತರಾಗಿ ಕಳಸದಲ್ಲಿ ತಮ್ಮನ ಮನೆಯಲ್ಲಿದ್ದರು. ಎಪ್ಪತ್ತೆಂಟು ವರ್ಷ, ಅದೇ ನೇರ ಬೆನ್ನು, ಸ್ವೆಟರು ಮಾತ್ರ ಬೇರೆ. ಫೋನನ್ನು ಅವರ ಮುಂದಿಟ್ಟು ರೆಕಾರ್ಡ್ ಮಾಡಿಕೊಂಡೆ. ಎರಡು ದಿನ ಹೇಳಿದರು. ನಾನು ಕುದುರೆಯನ್ನು ಕಪ್ಪು ಅಂದಾಗ ತಡೆದು, "ಕಂದು ಕಣೋ. ಕಪ್ಪು ಅಲ್ಲ. ಸರಿಯಾಗಿ ಬರ್ಕೋ" ಎಂದು ತಿದ್ದಿದರು. ಕೊನೆಗೆ ನಾನು ಸಂಶೋಧಕನ ದನಿಯಲ್ಲಿ ಕೇಳಿದೆ:

"ಟೀಚರ್, ಇದು ಬಹಳ ಮುಖ್ಯ. ಈ ಕತೆ ನಿಮಗೆ ಎಲ್ಲಿಂದ ಬಂತು?"

"ನಮ್ಮಜ್ಜಿಯಿಂದ."

"ಬೇರೆ ಎಲ್ಲಾದ್ರೂ ಓದಿದ್ದು, ಕೇಳಿದ್ದು?"

"ಎಲ್ಲಿ ಓದ್ತಾರೆ ಮಾರಾಯ ಆ ಕಾಲದಲ್ಲಿ! ಕಾಫಿ ಆರ್ತಾ ಇದೆ, ಕುಡಿ."

ಹೊರಡುವಾಗ ಮೆಟ್ಟಿಲ ತನಕ ಬಂದು, ಪುಸ್ತಕದಲ್ಲಿ ನನ್ನ ಹೆಸರು ಹಾಕಬೇಡ ಅಂದರು. ನಾನು ಬಗ್ಗಿ ಅವರ ಕಾಲು ಮುಟ್ಟಿದೆ.

ಕಳೆದ ವರ್ಷ ತೀರಿಕೊಂಡರು. ಪುಸ್ತಕದ ಕೆಲಸ ಆಗ ಮುಗಿಯುತ್ತ ಬಂದಿತ್ತು. ನಾನು ಎಲ್ಲದಕ್ಕೂ ಹೆದರಿ ನಿಧಾನ ಮಾಡುವವನು. ಒಂದು ಅಲ್ಪವಿರಾಮಕ್ಕೆ ಮೂರು ದಿನ. ಅವರ ವರ್ಷದ ನೆನಪಿಗೆ ನಮ್ಮ ಹಳೆಯ ಶಾಲೆಯಲ್ಲೇ ಬಿಡುಗಡೆ ಎಂದು ನಿಶ್ಚಯವಾಯಿತು. ನಾಲ್ಕಾರು ಶಾಲೆಗಳು ಮಕ್ಕಳಿಗೆ ಓದಿಸುತ್ತೇವೆ ಎಂದೂ ಹೇಳಿದ್ದವು. "ಮಲೆನಾಡಿನ ಮಕ್ಕಳ ಸ್ವಂತ ವೀರ" ಎಂದು ಮುನ್ನುಡಿ ಬರೆದು ಕಳಿಸಿದೆ. ಹದಿನೈದು ದಿನ ಉಳಿದಿದ್ದಾಗ ಟೀಚರ ತಮ್ಮನ ಸೊಸೆ ಫೋನು ಮಾಡಿದರು. "ಸಾರ್, ಅತ್ತೆಯ ಕಪಾಟಿನಲ್ಲಿ ಒಂದು ಪೊಟ್ಟಣ ಸಿಕ್ತು. ಮೇಲೆ 'ಜಲಜನಿಗೆ' ಅಂತ ಬರ್ದಿದ್ದಾರೆ. ಯಾರು ಅಂತ ನಮಗೆ ಗೊತ್ತಿಲ್ಲ. ನಿಮ್ಗೆ ಗೊತ್ತಿರ್ಬಹುದು ಅಂತ."

ಕಳಸಕ್ಕೆ ಹೋಗಿ ಪೊಟ್ಟಣ ತೆಗೆದುಕೊಂಡು ಬಂದೆ. ಜಲಜನಿಗೆ ಏಕೆ? ಪ್ರತಿ ಹಬ್ಬಕ್ಕೆ ಹೋಗಿ ಬರುತ್ತಿದ್ದವನು ನಾನು. ಬಿ.ಪಿ. ಮಾತ್ರೆ ತಂದುಕೊಡುತ್ತಿದ್ದವನು ನಾನು. ಆದರೂ ಪೊಟ್ಟಣ ಬಿಚ್ಚಲಿಲ್ಲ. ಒಳ್ಳೆಯತನ ಕಾರಣವಲ್ಲ, ಮತ್ತೆ ಅದೇ ರೀತಿ ಕಟ್ಟಲು ಬರಲಿಕ್ಕಿಲ್ಲ ಎಂಬ ಭಯ. ಬಸ್ಸು ಹತ್ತಿ ಬಾಳೂರಿಗೆ ಹೋದೆ.

ಜಲಜ ಅಂಗಳದಲ್ಲಿ ಬುಟ್ಟಿ ಒಣಗಿಸುತ್ತಿದ್ದಳು. ಪೊಟ್ಟಣ ನೋಡಿದವಳೇ, "ಓ, ಕೊನೆಗೂ ನಂಗೇ ಬಂತಾ!" ಅಂದಳು. ಹಗ್ಗ ಬಿಚ್ಚಿದಳು. ಒಳಗೆ ಕೆಂಪು ರಟ್ಟಿನ ಒಂದು ಹಳೆಯ ಇಂಗ್ಲಿಷ್ ಪುಸ್ತಕ. ಮಕ್ಕಳ ಪುಸ್ತಕ. ಮೊದಲ ಹಾಳೆಯಲ್ಲೇ ಬಣ್ಣದ ಚಿತ್ರ: ಬೆಟ್ಟ, ಕಾಫಿ ತೋಟ, ಬಂಗಲೆ, ಮೆಟ್ಟಿಲ ಮುಂದೆ ಒಂದು ಕಂದು ಕುದುರೆ. ಅದರ ಮೇಲೆ ಕೆಂಪು ಕೂದಲಿನ ಬಿಳಿ ಹುಡುಗ.

"ಇದೇನು?" ಅಂದೆ.

"ಕೆಂಚ" ಅಂದಳು ಜಲಜ.

ಅಲ್ಲೇ ಜಗಲಿಯ ಮೇಲೆ ಕೂತು ಹಾಳೆ ತಿರುಗಿಸಿದೆ. ಬಿಳಿ ತೋಟಗಾರನ ಮಗ, ವಯಸ್ಸು ಹನ್ನೆರಡು. ಅಪ್ಪ ಊರಲ್ಲಿಲ್ಲ. ಗೋಡೌನಿಗೆ ಬೆಂಕಿ ಇಡಲು ಹೊಂಚುವವರು ಗುಡ್ಡದ ಕರಿಯರು, ಅವರ ನಾಯಕನ ಹಣೆಯ ಮೇಲೆ ಗಾಯದ ಗುರುತು. ಹುಡುಗ ಕುದುರೆ ಏರಿ ಸಿಪಾಯಿಗಳನ್ನು ಕರೆತರಲು ಓಡುತ್ತಾನೆ. ಹೊಳೆ, ಬಂಡೆ, ಹಾರುವ ಕುದುರೆ. ಗಾಯದವನು ನೀರಿಗೆ ಬೀಳುತ್ತಾನೆ. ಕೊನೆಯ ಹಾಳೆಯಲ್ಲಿ ಹುಡುಗ ರಾಣಿಯ ಚಿತ್ರಕ್ಕೆ ಸಲಾಮು ಹೊಡೆಯುತ್ತಾನೆ. ಟೀಚರ್ ಕೂದಲಿನ ಬಣ್ಣದಿಂದಲೇ ಹೆಸರು ಇಟ್ಟಿದ್ದರು. ಸುಳ್ಳಿನಲ್ಲೂ ಎಷ್ಟು ಪ್ರಾಮಾಣಿಕರು ನೋಡಿ.

"ನಿನಗೆ ಯಾವಾಗ ಗೊತ್ತು?"

"ಅವತ್ತೇ. ಹಣ್ಣು ಕುಯ್ಯೋರ್ಯಾರು ಅಂತ ಕೇಳಿದ್ನಲ್ಲ, ಅವತ್ತು ಸಂಜೆ. ಟೀಚರು ಚೀಲದಿಂದ ಇದನ್ನ ತೆಗ್ದು ತೋರ್ಸಿದ್ರು. ಅವರಪ್ಪ ದೊರೆ ಎಸ್ಟೇಟಲ್ಲಿ ಲೆಕ್ಕ ಬರಿಯೋ ರೈಟರ್ ಆಗಿದ್ರಂತೆ. ದೊರೆ ಮನೆಯೋರು ಊರು ಬಿಟ್ಟು ಹೋಗುವಾಗ ಆ ದೊರೆ ಮಗಳು ಇವರಿಗೆ ಕೊಟ್ಟಿದ್ದಂತೆ. ಆವಾಗ ಟೀಚರಿಗೆ ಹತ್ತು ವರ್ಷ."

"ನನಗೆ ಯಾಕೆ ಹೇಳಲಿಲ್ಲ?"

"ನೀನು ಕೇಳ್ಲಿಲ್ಲ."

"ಕೇಳಿದ್ದೆ! ರೆಕಾರ್ಡ್ ಇದೆ! ಫೋನಲ್ಲಿದೆ!"

"ಅಯ್ಯೋ, ಅದು ಕೇಳಿದ ಹಂಗಾ ಮಾರಾಯ? ನೀನು ಉತ್ತರ ಹಿಡ್ಕೊಂಡೇ ಹೋಗಿದ್ದೆ." ಜಲಜ ಬುಟ್ಟಿ ಪಕ್ಕಕ್ಕಿಟ್ಟು ನನ್ನ ಎದುರು ಕೂತಳು. "ನಾನು ಹೇಳ್ತೀನಿ ಅಂದಿದ್ದೆ, ಅವತ್ತೇ. ಟೀಚರು ಬೇಡ ಅಂದ್ರು. 'ಅವನಿಗೆ ಹೇಳ್ಬೇಡ. ಅವನು ನಂಬೋ ಹುಡುಗ. ಕತೆ ಉಳೀಬೇಕು ಅಂದ್ರೆ ಹಂಗೆ ನಂಬೋರು ಒಬ್ರಾದ್ರೂ ಬೇಕು' ಅಂದ್ರು."

"ಬಾಳೂರಲ್ಲಿ ಮುಂದೆ ಕೂತು ಚಪ್ಪಾಳೆ ತಟ್ಟಿದೆಯಲ್ಲೇ!"

"ತಟ್ಟದೆ? ಎಷ್ಟು ಚೆಂದ ಹೇಳ್ದೆ! ನಂಗೇ ಒಂದು ಕ್ಷಣ ನಿಜ ಅನ್ನಿಸ್ತು."

"ಆ ಬಂಡೆ ಮೇಲಿನ ಗುಳಿ?"

ಜಲಜ ನಗು ತಡೆಯಲು ನೋಡಿದಳು, ಆಗಲಿಲ್ಲ. "ಅದು ನಮ್ಮಜ್ಜಿ ಅರಿಶಿನ ಕುಟ್ಟೋ ಗುಳಿ ಕಣೋ. ನೀನು ಕಾಲೇಜ್ ಮಕ್ಕಳನ್ನ ಕರ್ಕೊಂಡ್ ಬಂದು ಕೈ ಮುಗಿಸ್ತಿದ್ದೆ. ನಮ್ಮ ಲೈನಿನೋರೆಲ್ಲ ಬಾಗಿಲ ಹಿಂದೆ ನಿಂತು ಸೆರಗು ಬಾಯಿಗೆ ತುರುಕ್ಕೊಂಡಿದ್ರು."

ಪುಸ್ತಕವನ್ನು ಎರವಲು ತೆಗೆದುಕೊಂಡು ಬಂದು ಮನೆಯಲ್ಲಿ ಮತ್ತೆ ಮತ್ತೆ ಓದಿದೆ. ಒಂದು ಕಡೆ ಆ ಪುಸ್ತಕ, ಇನ್ನೊಂದು ಕಡೆ ನನ್ನ ಪುಸ್ತಕದ ಪ್ರೂಫು. ಟೀಚರ್ ಬದಲಿಸಿದ್ದು ಬಹಳ ಸ್ವಲ್ಪ. ಎರಡು ಮುಖ, ಒಂದು ಸಲಾಮು. ಉಳಿದದ್ದೆಲ್ಲ ಇದ್ದ ಹಾಗೇ. ಕುದುರೆಯ ಮೇಲಿರುವವನು ಯಾವತ್ತೂ ತಪ್ಪು ಮಾಡುವುದಿಲ್ಲ. ಕಿಟಕಿಯಲ್ಲಿ ಅಮ್ಮ. ಬೆಂಕಿ ಬಿತ್ತು ಎಂದಾಗ ಲೈನಿನ ಜನ ಎರಡರಲ್ಲೂ ಚೀರುತ್ತಾ ಓಡುತ್ತಾರೆ. ಅವರಿಗೆ ಹೆಸರಿಲ್ಲ, ಮಾತಿಲ್ಲ. ದೊರೆಯ ಅಂಗಿಯನ್ನು ಬಿಚ್ಚಿ ಕೆಂಚನಿಗೆ ತೊಡಿಸಿದ್ದರೇ ಹೊರತು ಹೊಸದಾಗಿ ಹೊಲಿಸಿರಲಿಲ್ಲ. ಆ ಅಂಗಿಯನ್ನೇ ನಾನು ದೇಶ ಎಂದು ಊರೂರಿನಲ್ಲಿ ಹಾರಿಸಿಕೊಂಡು ಬಂದೆ. ಹತ್ತು ವರ್ಷದ ಜಲಜನಿಗೆ ಒಂದು ಕುಯ್ಲಿನಲ್ಲಿ ಕಂಡದ್ದು ಎಂ.ಎ. ಮಾಡಿದ ನನಗೆ ಕಾಣಲಿಲ್ಲ. ಏಕೆಂದರೆ ನಮ್ಮ ನಾಲ್ಕೆಕರೆಯಲ್ಲೂ ಹಣ್ಣು ಕುಯ್ಯುತ್ತಿದ್ದವರು ಬೇರೆಯವರು. ಕತೆಯಲ್ಲಿ ಅವರು ಇಲ್ಲದ್ದು ನನಗೆ ಕೊರತೆ ಅನ್ನಿಸಿರಲೇ ಇಲ್ಲ.

ಒಂದು ಚಿತ್ರದ ವಿಷಯ ಹೇಳಬೇಕು. ಹೊಳೆಯ ಚಿತ್ರ. ಅದರಲ್ಲಿ ಹುಡುಗನ ಮುಖದ ಮೇಲೆ ಯಾರೋ ನೀಲಿ ಶಾಯಿ ಬಳಿದಿದ್ದಾರೆ, ದಪ್ಪಗೆ, ಕಣ್ಣು ಮೂಗು ಮುಚ್ಚುವ ಹಾಗೆ. ನೀರಿಗೆ ಬೀಳುತ್ತಿರುವವನ ಕಪ್ಪು ಮುಖವನ್ನು ಬ್ಲೇಡಿನಿಂದ ಕೆರೆದು ಕೆರೆದು ಕಾಗದದ ಬಿಳಿ ಕಾಣಿಸಿದ್ದಾರೆ. ಕೈ ಜಾರಿ ಒಂದು ಕಡೆ ಹಾಳೆ ಹರಿದಿದೆ. ಅದು ಮಗುವಿನ ಕೆಲಸ, ನೋಡಿದರೇ ತಿಳಿಯುತ್ತದೆ. ಹತ್ತು ವರ್ಷದ ಹುಡುಗಿಯಾಗಿದ್ದ ಆ ಟೀಚರ ಮೇಲೆ ನನಗೆ ಯಾವ ದೂರೂ ಇಲ್ಲ. ನನ್ನ ಜಗಳ ಎಪ್ಪತ್ತೆಂಟು ವರ್ಷದ ಹೆಂಗಸಿನ ಜೊತೆ. ನನ್ನ ಫೋನಿನ ಕೆಂಪು ಚುಕ್ಕೆಯನ್ನು ನೋಡಿಕೊಂಡೇ 'ನಮ್ಮಜ್ಜಿ' ಅಂದರಲ್ಲ, ಕುದುರೆಯ ಬಣ್ಣ ತಿದ್ದಿದರಲ್ಲ, ಕಾಲು ಮುಟ್ಟಿಸಿಕೊಂಡರಲ್ಲ. ಜಲಜನನ್ನು ನಂಬಿದರು, ನನ್ನನ್ನು ಬಳಸಿಕೊಂಡರು. ನಂಬುವವನು ಬೇಕು ಎಂದರೆ ಏನರ್ಥ? ಒಲೆಗೆ ಸೌದೆ ಬೇಕು ಎನ್ನುವ ಹಾಗೆ.

ಚಿಕ್ಕಮಗಳೂರಿನ ಪ್ರಕಾಶಕರಿಗೆ ಫೋನು ಮಾಡಿ ಪುಸ್ತಕ ನಿಲ್ಲಿಸಿ ಅಂದೆ.

"ಎಂತ ಸಾರ್, ಕವರ್ ಪ್ರಿಂಟ್ ಆಗಿದೆ."

"ಅದು ನಮ್ಮ ಕತೆ ಅಲ್ಲವಂತೆ. ಇಂಗ್ಲಿಷ್ ಪುಸ್ತಕದ್ದಂತೆ."

"ಯಾರಿಗೆ ಗೊತ್ತು ಸಾರ್ ಅದು?"

"ನನಗೆ ಗೊತ್ತು."

"ನೀವು ಯಾರಿಗೂ ಹೇಳ್ಬೇಡಿ, ಆಯ್ತಲ್ಲ" ಅಂದರು, ಬಹಳ ಸ್ನೇಹದಿಂದ. ಆ ಕ್ಷಣ ಇದು ಎಷ್ಟು ಸುಲಭ ಎಂದು ತಿಳಿಯಿತು. ಟೀಚರಿಗೂ ಹೀಗೇ ಸುಲಭವಾಗಿದ್ದಿರಬೇಕು. ಅದಕ್ಕೇ ಹಟ ಹಿಡಿದೆ. ಪುಸ್ತಕ ನಿಂತಿತು.

ನೆನಪಿನ ಕಾರ್ಯಕ್ರಮ ಮಾತ್ರ ನಿಲ್ಲಿಸುವ ಹಾಗಿರಲಿಲ್ಲ. ಟೀಚರ್ ಹೇಳುತ್ತಿದ್ದ ಹಾಗೆ ಮಕ್ಕಳಿಗೆ ಕೆಂಚನ ಕತೆ ಹೇಳುತ್ತೇನೆ ಎಂದು ಮೊದಲೇ ಒಪ್ಪಿಕೊಂಡಿದ್ದೆ. ಜಲಜನಿಗೆ ಹೇಳಿದೆ: "ನಾನು ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಪುಸ್ತಕ ತೋರಿಸ್ತೀನಿ. ಅದರಲ್ಲಿ ಯಾರು ಏನು ಮಾಡಿದರು, ಹಾಗೇ. ಇನ್ನೊಂದು ಪೀಳಿಗೆಗೆ ಸುಳ್ಳು ಹೇಳೋದಿಲ್ಲ."

"ಹೇಳು. ನಾನೇನು ಬೇಡ ಅಂದ್ನಾ?" ಅಂದಳು. "ನಿನ್ ಕೈಲಿ ಆಗತ್ತಾ ನೋಡು, ಅಷ್ಟೇ."

ಹಿಂದಿನ ವಾರವೆಲ್ಲ ಅಭ್ಯಾಸ ಮಾಡಿದೆ. ಕನ್ನಡಿ ಮುಂದೆ ನಿಂತು, "ಮಕ್ಕಳೇ, ಇದು ನಮ್ಮ ಕತೆಯಲ್ಲ" ಎಂದು ಹೇಳಿಕೊಂಡೆ. ನನ್ನ ಹೆಂಡತಿ ಅಡಿಗೆಮನೆಯಿಂದ, "ಯಾರದಾದ್ರೂ ಆಗ್ಲಿ, ಊಟ ಮಾಡಿ" ಅಂದಳು.

ಶಾಲೆಯಲ್ಲಿ ಮೂವತ್ತಕ್ಕೆ ಸ್ವಲ್ಪ ಹೆಚ್ಚು ಮಕ್ಕಳಿದ್ದರು. ಅರ್ಧಕ್ಕರ್ಧ ಅಸ್ಸಾಮಿನಿಂದ ಬಂದು ಲೈನಿನಲ್ಲಿರುವವರ ಮಕ್ಕಳು. ಕನ್ನಡವನ್ನು ನಮ್ಮ ಮಕ್ಕಳಿಗಿಂತ ಎಚ್ಚರಿಕೆಯಿಂದ ಆಡುತ್ತಾರೆ. ಟೀಚರ ಫೋಟೋಕ್ಕೆ ಹೂವು ಹಾಕಿದ್ದಾಯಿತು. ಜಲಜ ಹಿಂದೆ ಗೋಡೆಗೊರಗಿ ನಿಂತಿದ್ದಳು. ನಾನು ಕೆಂಪು ಪುಸ್ತಕ ಎತ್ತಿ ಹಿಡಿದು ಶುರುಮಾಡಿದೆ. ಈ ಕತೆಯನ್ನು ನಮ್ಮ ಟೀಚರ್ ನಮ್ಮದು ಎಂದು ಹೇಳಿದ್ದರು, ಅದು ನಮ್ಮದಲ್ಲ. ಬಿಳಿಯರು ತಮ್ಮ ಮಕ್ಕಳಿಗಾಗಿ ಬರೆದದ್ದು. ಅವರ ಹುಡುಗ ಒಳ್ಳೆಯವನು, ನಮ್ಮವರು ಕೆಟ್ಟವರು ಎಂದು ಅದರಲ್ಲಿದೆ. ಟೀಚರ್ ಅದನ್ನು ತಿರುಗಿಸಿ ನಮಗೆ ಹೇಳಿದರು.

ಇಷ್ಟು ಹೇಳುವಾಗ ಜೀವಮಾನದ ಮೋಸವೊಂದನ್ನು ಬಯಲಿಗೆಳೆಯುತ್ತಿದ್ದೆ. ಮಕ್ಕಳು ಕಣ್ಣು ಮಿಟುಕಿಸುತ್ತಾ ನೋಡಿದರು. ಹಿಂದಿನಿಂದ ಒಬ್ಬ, "ಆಯ್ತು ಸಾರ್, ಕತೆ ಹೇಳಿ" ಅಂದ.

ಹೇಳಿದೆ. ಬಂಗಲೆ, ಬಿಳಿ ಹುಡುಗ, ಕುದುರೆ, ಗುಡ್ಡದ ಕರಿಯರು, ಹಣೆಯ ಗಾಯದವನು, ಎಲ್ಲ ಪುಸ್ತಕದಲ್ಲಿದ್ದ ಹಾಗೆ. ಕಾಡು ಹೊಕ್ಕಮೇಲೆ ನನಗೆ ಗೊತ್ತಿಲ್ಲದೆ ದನಿ ಇಳಿಯಿತು. ಕಣ್ಣು ಮುಚ್ಚಿತು. ಕುದುರೆ ಓಡುತ್ತಿತ್ತು. ಹೊಳೆ ಬಂತು. ಕುದುರೆ ಹಾರಿತು. ಬಂಡೆಯ ಮೇಲೆ ಇಬ್ಬರು, ಕೈ ಕೈ ಮಿಲಾಯಿಸಿದ್ದಾರೆ, ಒಬ್ಬ ಜಾರಿದ.

ಅಲ್ಲಿ ನಿಲ್ಲಿಸಿದೆ. ನಿಲ್ಲಿಸಬೇಕೆಂದು ಅಲ್ಲ, ಮುಂದಿನ ವಾಕ್ಯ ಬರಲಿಲ್ಲ.

ಮುಂದಿನ ಸಾಲಿನಲ್ಲಿ ಕೂತಿದ್ದ ಎರಡು ಜಡೆಯ ಹುಡುಗಿಯೊಬ್ಬಳು, ಲೈನಿನವಳು, ಮೊಣಕಾಲ ಮೇಲೆ ಎದ್ದು ಕೂತಳು. ತುಟಿ ಒಣಗಿತ್ತು.

"ಯಾರು ಬಿದ್ದ ಸಾರ್?"

ಹಾಳೆ ನನ್ನ ಕೈಯಲ್ಲಿ ತೆರೆದೇ ಇತ್ತು. ಕೆಳಗೆ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅದನ್ನು ಕನ್ನಡದಲ್ಲಿ ಹೇಳಿದರೆ ಆಗಿತ್ತು, ಮೂರೇ ಪದ. ಅದನ್ನು ಹೇಳುವುದಕ್ಕೆಂದೇ ಬಂದವನು ನಾನು. ಹುಡುಗಿ ನನ್ನ ಬಾಯನ್ನೇ ನೋಡುತ್ತಿದ್ದಳು.

"ದೊರೆ" ಅಂದೆ.

ಎಷ್ಟು ಜೋರಾಗಿ ಅಂದೆನೆಂದರೆ ಹೆಡ್‌ಮಿಸ್ಸು ಬೆಚ್ಚಿದರು. ಮಕ್ಕಳು ಹೋ ಎಂದು ಕೂಗಿ ಚಪ್ಪಾಳೆ ತಟ್ಟಿದರು. ಎರಡು ಜಡೆಯವಳು ಉಸಿರು ಬಿಟ್ಟು ಸರಿಯಾಗಿ ಕೂತಳು. ಹಿಂದೆ ಗೋಡೆಯ ಹತ್ತಿರ ಜಲಜ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಭುಜ ಕುಣಿಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಮಾತು ವಾಪಸು ತೆಗೆದುಕೊಳ್ಳಲು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ "ಮುಂದೇನಾಯ್ತು ಸಾರ್?" ಅಂದರು. ಇದೂ ಹೀಗೇ ಆಗುತ್ತದೆ ಎಂದು ಟೀಚರಿಗೆ ಮೊದಲೇ ಗೊತ್ತಿತ್ತು ಅನ್ನಿಸಿ, ನನಗೆ ಮೈಯೆಲ್ಲ ಉರಿದುಹೋಯಿತು.